ಪದಚರ್ಚೆ: ಮಾದರಿ ರೈಲಿನ ‘ಬೆಂಚ್‌ವರ್ಕ್’ ಮತ್ತು ‘ಮಾಡ್ಯೂಲ್’ಗೆ ಕನ್ನಡದಲ್ಲಿ ಏನೆನ್ನೋಣ?

ವಿಷಯ: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಮೈಸೂರಿನಿಂದ

ಮಾನ್ಯರೇ,

ಮಾದರಿ ರೈಲು ಕಟ್ಟುವ ನಮ್ಮ ಚಿಕ್ಕ ಬಳಗವು ಹೊಸಬರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಅದರ ಹಾಳೆಗಳನ್ನೇ ನೋಡಿಕೊಂಡು ಬಡಗಿಯೊಬ್ಬರು ಮರಗೆಲಸ ಮಾಡಲಿದ್ದಾರೆ, ಅದರ ಮಾತುಗಳೇ ಪ್ರದರ್ಶನದ ಫಲಕಕ್ಕೂ ಹೋಗಲಿವೆ. ‘ಬೆಂಚ್‌ವರ್ಕ್’ ಮತ್ತು ‘ಮಾಡ್ಯೂಲ್’ ಎಂಬ ಎರಡು ಪದಗಳ ಬಳಿ ಅನುವಾದ ನಿಂತುಬಿಟ್ಟಿದೆ.

ವಸ್ತು ಕಣ್ಣಮುಂದಿದ್ದರೆ ಪದ ಹುಡುಕುವುದು ಸುಲಭವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಮಾದರಿ ರೈಲಿನಲ್ಲಿ ಹಳಿ, ನಿಲ್ದಾಣ, ಗುಡ್ಡ, ಸೇತುವೆ ಎಲ್ಲವನ್ನೂ ಹೊತ್ತು ನಿಲ್ಲುವ ಮರದ ಕಟ್ಟಣೆಗೆ ಒಟ್ಟಾಗಿ ಬೆಂಚ್‌ವರ್ಕ್ ಎನ್ನುತ್ತಾರೆ. ಮನೆಯ ಒಂದು ಕೋಣೆಯಲ್ಲಿ ಶಾಶ್ವತವಾಗಿ ನಿಲ್ಲಿಸುವ ರೈಲುದಾರಿಗೂ ಅದು ಬೇಕು, ಆದರೆ ನಮ್ಮ ಕೈಪಿಡಿಯ ವಿಷಯ ಬೇರೆ. ಇಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಂದೊಂದು ಭಾಗವನ್ನು ಕಟ್ಟಿ, ಅದನ್ನು ಗಾಡಿಯಲ್ಲಿ ತಂದು, ಒಂದು ಸಭಾಂಗಣದಲ್ಲಿ ಇನ್ನೊಬ್ಬರ ಭಾಗಕ್ಕೆ ಜೋಡಿಸುತ್ತಾರೆ. ಅಂಥ ಒಂದೊಂದು ಭಾಗವೇ ಮಾಡ್ಯೂಲ್. ಪರಸ್ಪರ ನೋಡಿಯೇ ಇರದ ಇಬ್ಬರು ಕಟ್ಟಿದ ಭಾಗಗಳ ಮೇಲೆ ರೈಲು ತಡೆಯಿಲ್ಲದೆ ಓಡಬೇಕಾದರೆ ಅವುಗಳ ತುದಿಗಳ ಅಳತೆ ಮೊದಲೇ ನಿಗದಿಯಾಗಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಹುಟ್ಟಿದ ಎನ್‌ಟ್ರ್ಯಾಕ್ ಪದ್ಧತಿಯು 1:160 ಪ್ರಮಾಣದ ರೈಲುಗಳಿಗೆ ಎರಡಡಿ ಅಗಲ, ನಾಲ್ಕಡಿ ಉದ್ದದ ಭಾಗವನ್ನು ಮೂಲವಾಗಿ ಇರಿಸಿಕೊಂಡು, ಹಳಿಯು ನೆಲದಿಂದ 40 ಅಂಗುಲ ಎತ್ತರದಲ್ಲಿರಬೇಕೆಂದು ಗೊತ್ತುಮಾಡಿತು. ಯುರೋಪಿನಲ್ಲಿ 1981ರಲ್ಲಿ ಆರಂಭವಾದ ಫ್ರೆಮೊ ಬಳಗದ 1:87 ಪ್ರಮಾಣದ ಭಾಗಗಳಲ್ಲಿ ಹಳಿಯ ಎತ್ತರ 1300 ಮಿ.ಮೀ. ಟಿ-ಟ್ರ್ಯಾಕ್ ಎಂಬ ಮತ್ತೊಂದು ಪದ್ಧತಿಯಲ್ಲಿ ಕಾಲುಗಳೇ ಇಲ್ಲ, ಚಿಕ್ಕ ಪೆಟ್ಟಿಗೆಯಂಥ ಭಾಗಗಳನ್ನು ಯಾವುದಾದರೂ ಮೇಜಿನ ಮೇಲೆ ಸಾಲಾಗಿ ಇಟ್ಟರಾಯಿತು. ಆದ್ದರಿಂದ ನಾವು ಆರಿಸುವ ಪದವು ಕಾಲಿರುವ ಕಟ್ಟಣೆಗೂ ಕಾಲಿಲ್ಲದ್ದಕ್ಕೂ ಒಪ್ಪಬೇಕು.

ಇಡೀ ಕೈಪಿಡಿಯ ಜೀವಾಳ ಹಗುರತನ. 1200 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಭಾಗಕ್ಕೆ 12 ಮಿ.ಮೀ. ದಪ್ಪದ ಪ್ಲೈವುಡ್ಡನ್ನು ಮೇಲುಹಲಗೆಯಾಗಿ ಹಾಕಿದರೆ ಆ ಹಲಗೆಯೊಂದೇ ಸುಮಾರು ಐದೂವರೆ ಕಿಲೋ ತೂಗುತ್ತದೆ. ಅದರ ಬದಲು 50 ಮಿ.ಮೀ. ದಪ್ಪದ ಗಟ್ಟಿ ಪಾಲಿಸ್ಟೈರೀನ್ ಹಲಗೆಯನ್ನು ಹಾಕಿದರೆ ತೂಕ ಒಂದೂಕಾಲು ಕಿಲೋದ ಆಸುಪಾಸಿಗೆ ಇಳಿಯುತ್ತದೆ. ಆಗ ಬಿಗಿತನವೆಲ್ಲ ಸುತ್ತಲಿನ ಪಟ್ಟಿಗಳಿಂದ ಬರಬೇಕು. ಪಟ್ಟಿಯ ದಪ್ಪವನ್ನು ಇಮ್ಮಡಿಸಿದರೆ ಅದು ಬಾಗದಿರುವ ಶಕ್ತಿ ಇಮ್ಮಡಿಯಷ್ಟೇ ಆಗುತ್ತದೆ, ಪಟ್ಟಿಯ ಎತ್ತರವನ್ನು ಇಮ್ಮಡಿಸಿದರೆ ಎಂಟು ಪಟ್ಟಾಗುತ್ತದೆ. ಆದಕಾರಣ 9 ಮಿ.ಮೀ. ಪ್ಲೈವುಡ್ಡಿನಿಂದ ಸೀಳಿದ 100 ಮಿ.ಮೀ. ಎತ್ತರದ ಪಟ್ಟಿಗಳನ್ನು ನಿಲುವಾಗಿ ನಿಲ್ಲಿಸಿ, ನಡುನಡುವೆ ದುಂಡು ತೂತುಗಳನ್ನು ಕೊರೆದು ತೂಕ ಇಳಿಸುವ ಕ್ರಮವನ್ನು ನಾವು ಬರೆದಿದ್ದೇವೆ.

‘ಬೆಂಚ್‌ವರ್ಕ್’ ಎಂದೇ ಇಡಬಹುದಿತ್ತು. ಆದರೆ ಕನ್ನಡದಲ್ಲಿ ಬೆಂಚು ಎಂದರೆ ಕೂರುವ ವಸ್ತುವೇ ಹೊರತು ಕೆಲಸದ ಮೇಜಲ್ಲ. ‘ಅಡಿಪಾಯ’ ನೆಲದೊಳಗೆ ಹೂತಿರುತ್ತದೆ. ‘ಘಟಕ’ ಎಂದರೆ ಓದುಗರಿಗೆ ಮೊದಲು ನೆನಪಾಗುವುದು ಕಾರ್ಖಾನೆ, ಇಲ್ಲವೇ ಪಕ್ಷದ ಶಾಖೆ. ಬಲ್ಲವರು ದಾರಿ ತೋರಬೇಕು.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಬೆಂಗಳೂರಿನಿಂದ

ಬೆಂಚ್‌ವರ್ಕ್‌ಗೆ ‘ಚೌಕಟ್ಟು’, ಮಾಡ್ಯೂಲ್‌ಗೆ ‘ಮಾಡ್ಯೂಲ್’. ಈ ಹವ್ಯಾಸಕ್ಕೆ ಬರುವವರೆಲ್ಲರೂ ಎರಡನೆಯ ಪದವನ್ನು ಬಲ್ಲರು. ಗೊತ್ತಿರುವ ಪದವನ್ನು ಕಿತ್ತು ಗೊತ್ತಿಲ್ಲದ್ದನ್ನು ನೆಡುವ ಅಗತ್ಯ ಕಾಣುವುದಿಲ್ಲ.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಸಾಗರದಿಂದ

ಬೆಂಗಳೂರಿನ ಮಿತ್ರರು ಅವಸರದಲ್ಲಿ ಬರೆದಿದ್ದಾರೆ. ಹವ್ಯಾಸಕ್ಕೆ ಬರುವವರಿಗೆ ‘ಮಾಡ್ಯೂಲ್’ ಗೊತ್ತಿರಬಹುದು. ಮರ ಕುಯ್ಯುವವರಿಗೂ ಫಲಕ ಓದುವ ಶಾಲೆಯ ಮಕ್ಕಳಿಗೂ ಅದು ಏನನ್ನೂ ಹೇಳುವುದಿಲ್ಲ.

ಕೇಳಿರುವ ಎರಡನೆಯ ಪದಕ್ಕೆ ಕನ್ನಡದಲ್ಲಿ ಹೊಸತನ್ನು ಟಂಕಿಸಬೇಕಾದ ಪ್ರಮೇಯವೇ ಇಲ್ಲ, ಏಕೆಂದರೆ ಅದು ನಮ್ಮ ಹಳೆಯ ಮನೆಗಳಲ್ಲಿಯೇ ಇದೆ. ಅದು ‘ಅಂಕಣ’. ಇಂದು ಪತ್ರಿಕೆಯ ಅಂಕಣವೊಂದೇ ಎಲ್ಲರ ಬಾಯಲ್ಲಿ ಉಳಿದಿದ್ದರೂ ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಿನ ಜಾಗ ಎಂಬುದೇ ಆ ಪದದ ಹಳೆಯ ಅರ್ಥ. ಮನೆಯನ್ನು ಚದರಡಿಯಲ್ಲಿ ಅಳೆಯುವ ರೂಢಿ ಬರುವ ಮುನ್ನ ‘ಐದಂಕಣದ ಮನೆ’, ‘ಎಂಟಂಕಣದ ಮನೆ’ ಎಂದೇ ಅದರ ದೊಡ್ಡಸ್ತಿಕೆಯನ್ನು ಹೇಳುತ್ತಿದ್ದರು. ತೆಲುಗಿನಲ್ಲಿ ಇದೇ ಪದ ‘ಅಂಕಣಮು’ ಆಗಿದೆ. ನೆಲ್ಲೂರು, ತಿರುಪತಿಗಳ ಕಡೆ ನಿವೇಶನದ ವಿಸ್ತಾರವನ್ನು ಇಂದಿಗೂ ಅಂಕಣದ ಲೆಕ್ಕದಲ್ಲಿ ಹೇಳುತ್ತಾರೆ. ಮರಾಠಿಯಲ್ಲಿ ‘ಖಣ’ ಎಂಬ ಪದಕ್ಕೆ ಎರಡು ತೊಲೆಗಳ ನಡುವಿನ ಜಾಗ ಎಂಬ ಅರ್ಥವೇ ಇದೆ.

ಈ ಪದದಲ್ಲಿ ಪ್ರಶ್ನೆ ಕೇಳಿದವರಿಗೆ ಬೇಕಾದ ಎಲ್ಲವೂ ಕೂಡಿಬಂದಿದೆ. ಅಂಕಣವು ತಾನೇ ಪೂರ್ಣವಾದ ಒಂದು ಅಳತೆ. ಆದರೂ ಪಕ್ಕದಲ್ಲಿ ಇನ್ನೊಂದು ಬಂದು ಸೇರಬಹುದೆಂಬ ನಿರೀಕ್ಷೆ ಅದರೊಳಗೇ ಇರುತ್ತದೆ. ಒಂದಕ್ಕೊಂದು ತುದಿಗೂಡಿಸಿ ಸಾಲು ಬೆಳೆಸಬಹುದು. ‘ಘಟಕ’ದಲ್ಲಿಯಾಗಲಿ ‘ತುಂಡು’ ಎಂಬ ಮಾತಿನಲ್ಲಿಯಾಗಲಿ ಈ ಧ್ವನಿ ಇಲ್ಲ. ತುಂಡು ಎಂದರೆ ಇಡಿಯಾದದ್ದರಿಂದ ಕಡಿದದ್ದು. ಮಾಡ್ಯೂಲ್ ಹಾಗಲ್ಲ, ಅದನ್ನು ಯಾವುದರಿಂದಲೂ ಕಡಿದಿರುವುದಿಲ್ಲ.

ಬೆಂಚ್‌ವರ್ಕ್‌ಗೆ ‘ಅಟ್ಟ’ ಅಥವಾ ‘ಅಟ್ಟಣಿಗೆ’ ಎನ್ನಬೇಕೆಂಬುದು ನನ್ನ ಅಭಿಪ್ರಾಯ. ಮೂಡಲಪಾಯದ ಬಯಲಾಟವನ್ನು ‘ಅಟ್ಟದಾಟ’ ಎಂದು ಕರೆಯುವುದು ಅದನ್ನು ಎತ್ತರಿಸಿ ಕಟ್ಟಿದ ಅಟ್ಟದ ಮೇಲೆ ಆಡುವುದರಿಂದಲೇ. ಆಟಕ್ಕಾಗಿ ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚುವ ಮರದ ರಚನೆ ಅದು. ಪ್ರದರ್ಶನಕ್ಕಾಗಿ ಕಟ್ಟಿ ಬಿಚ್ಚುವ ರೈಲುದಾರಿಗೆ ಇದಕ್ಕಿಂತ ಹತ್ತಿರದ ಪದ ದೊರೆಯದು.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಧಾರವಾಡದಿಂದ

‘ಅಂಕಣ’ಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ‘ಅಟ್ಟ’ವನ್ನು ಮಾತ್ರ ಒಪ್ಪಲಾರೆ. ಇಂದಿನ ಓದುಗನಿಗೆ ಅಟ್ಟವೆಂದರೆ ತಲೆಯ ಮೇಲೆ ಹಳೆಯ ಪಾತ್ರೆಪಗಡಗಳನ್ನು ಇಡುವ ಜಾಗ. ಬಯಲಾಟದ ಅರ್ಥವನ್ನು ಬಲ್ಲವರಿಗಾಗಿ ಈ ಕೈಪಿಡಿಯನ್ನು ಬರೆಯುತ್ತಿಲ್ಲ. ಅಲ್ಲದೆ ಅಟ್ಟವು ಮೇಲ್ಮೈಗೆ ಒತ್ತು ಕೊಡುತ್ತದೆ, ಬೆಂಚ್‌ವರ್ಕ್ ಎಂಬ ಮಾತು ಮೇಲ್ಮೈಯ ಕೆಳಗಿರುವುದಕ್ಕೆ ಒತ್ತು ಕೊಡುತ್ತದೆ. ಹಳಿ ಹಾಕಿದ ಬಳಿಕ ಕಣ್ಣಿಗೆ ಮರೆಯಾಗುವ ಭಾಗವೇ ಅದು.

ನಮ್ಮ ಕಡೆಯವರು ‘ಹಂದರ’ ಎನ್ನಬಹುದೆಂದು ಮೊದಲು ಯೋಚಿಸಿದೆ. ಮದುವೆಯ ಹಂದರವನ್ನೂ ಕಟ್ಟಿ ಬಿಚ್ಚುತ್ತೇವೆ, ‘ಎಲುಬಿನ ಹಂದರ’ ಎಂಬ ಬಳಕೆಯೂ ಇದೆ. ಆದರೆ ಹಂದರ ನೆರಳು ಕೊಡುತ್ತದೆ, ಭಾರ ಹೊರುವುದಿಲ್ಲ. ಆದ್ದರಿಂದ ಅದನ್ನು ಬಿಟ್ಟೆ. ‘ಅಡಿಗಟ್ಟು’ ಎಂಬ ಪದವನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ಮನೆಯ ವಿಷಯದಲ್ಲಿ ಜನರು ಬುನಾದಿ, ತಳಪಾಯ, ಅಡಿಪಾಯ ಎಂದು ಹೇಳುವುದರಿಂದ ಅಡಿಗಟ್ಟು ಬಹುಮಟ್ಟಿಗೆ ಬಿಡುವಾಗಿಯೇ ಇದೆ. ಅಡಿಯಲ್ಲಿ ಕಟ್ಟಿದ್ದು ಎಂಬ ಅರ್ಥ ಯಾರಿಗೂ ಹೊಳೆಯುತ್ತದೆ. ಕಾಲಿದ್ದರೂ ಇಲ್ಲದಿದ್ದರೂ ಸಲ್ಲುತ್ತದೆ.

‘ಮರಗಟ್ಟು’ ಎಂದು ಒಬ್ಬರು ನನಗೆ ಪ್ರತ್ಯೇಕವಾಗಿ ಬರೆದು ಸೂಚಿಸಿದ್ದಾರೆ. ಕಾಲು ಜೋಮು ಹಿಡಿಯುವುದಕ್ಕೆ ಇರುವ ಪದ ಅದು. ಅದರ ಚರ್ಚೆ ಬೇಡ.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಉಡುಪಿಯಿಂದ

ಅಡಿಗಟ್ಟು ಎಂಬುದು ಅಚ್ಚಗನ್ನಡ, ಸಂತೋಷ. ಆದರೆ ಇಲ್ಲಿ ಯಾರೂ ‘ಚೌಕಟ್ಟಿ’ನ ಹುಟ್ಟನ್ನು ಪ್ರಶ್ನಿಸದಿರುವುದು ಸರಿಯಲ್ಲ. ಅದರ ‘ಚೌ’ ಎಂಬುದು ‘ಚತುರ್’ನಿಂದ ಇಳಿದು ಬಂದದ್ದು. ಮರಾಠಿಯ ‘ಚೌಕಟ’, ಹಿಂದಿಯ ‘ಚೌಖಟ್’ ಇವುಗಳ ಒಡನಾಟದಿಂದ ಅದು ನಮ್ಮಲ್ಲಿ ನೆಲೆಸಿತು. ನಾಲ್ಕಕ್ಕೆ ಕನ್ನಡದಲ್ಲಿ ‘ನಾಲ್’ ಇರುವಾಗ ಹೊರಗಿನ ‘ಚೌ’ ಏಕೆ ಬೇಕು? ‘ನಾಲ್ಗಟ್ಟು’ ಎನ್ನಬಹುದು.

‘ಅಂಕಣ’ದ ಬಗೆಗೂ ನನಗೆ ಅನುಮಾನವಿದೆ. ಸಂಸ್ಕೃತದ ‘ಅಂಗಣ’ವೇ ಗಡುಸಾಗಿ ಅಂಕಣವಾಗಿರಬೇಕು. ಕೈಪಿಡಿಯೊಂದನ್ನು ಹೊಸದಾಗಿ ಬರೆಯುವ ಅವಕಾಶ ಸಿಕ್ಕಾಗಲಾದರೂ ನಮ್ಮವೇ ಆದ ಬೇರುಗಳಿಂದ ಪದಗಳನ್ನು ಕಟ್ಟದಿದ್ದರೆ ಇನ್ನು ಯಾವಾಗ ಕಟ್ಟುವುದು? ಉಳಿ, ಕೀಸುಳಿ, ಗೂಟ, ಬೆಣೆ ಎಂಬ ಪದಗಳನ್ನು ಕಟ್ಟಿದ ಕನ್ನಡದ ಕುಶಲಕರ್ಮಿಗಳು ಯಾರಲ್ಲಿಯೂ ಸಾಲ ಕೇಳಿರಲಿಲ್ಲ.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಸಾಗರದಿಂದ

ಕೇಳಿದ್ದರು. ಆ ಕುಶಲಕರ್ಮಿಯ ಹೆಸರಾದ ‘ಬಡಗಿ’ಯೇ ಸಂಸ್ಕೃತದ ‘ವರ್ಧಕಿ’, ಪ್ರಾಕೃತದ ‘ವಡ್ಢಇ’ ಇವುಗಳ ದಾರಿಯಿಂದ ಬಂದದ್ದು. ಅವರ ಕೈಯ ‘ಗರಗಸ’ ‘ಕ್ರಕಚ’ದ ತದ್ಭವ. ಬಾಗಿಲಿಗೆ ಅವರು ಹಾಕುವ ‘ಬಿಜಾಗರಿ’ ಪೋರ್ಚುಗೀಸರ ‘ಬಿಸಾಗ್ರ’. ಅವರು ಮಾಡಿಕೊಡುವ ‘ಮೇಜು’ ಪಾರಸಿಯದು, ‘ಕುರ್ಚಿ’ ಅರಬ್ಬಿಯದು. ಇವೆಲ್ಲವನ್ನೂ ಹೊರಗೆ ಹಾಕಿದರೆ ಉಡುಪಿಯ ಮಿತ್ರರ ಕೈಪಿಡಿಯಲ್ಲಿ ಉಳಿಯುವುದು ಉಳಿ ಮತ್ತು ಬೆಣೆ ಎರಡೇ. ಅವೆರಡರಿಂದ ರೈಲುದಾರಿ ನಿಲ್ಲುವುದಿಲ್ಲ.

ಅಂಗಣವೇ ಅಂಕಣವಾಯಿತೆಂಬ ಊಹೆಗೆ ಉತ್ತರ ಹೇಳಲೇಬೇಕು. ಸಂಸ್ಕೃತದ ‘ಅಂಗಣ’ ಎಂದರೆ ಮನೆಯ ಮುಂದಿನ ಬಯಲು. ಕನ್ನಡದಲ್ಲಿ ಆ ಅರ್ಥಕ್ಕೆ ‘ಅಂಗಳ’ ಇದೆ. ಕಂಬಗಳ ನಡುವಿನ ಅಳತೆ ಎಂಬ ಅರ್ಥ ಕನ್ನಡ, ತೆಲುಗುಗಳ ‘ಅಂಕಣ’ಕ್ಕೆ ಇದೆ. ಕೇವಲ ಒಂದು ವ್ಯಂಜನದ ಹೋಲಿಕೆಯಿಂದ ಇಷ್ಟು ಅರ್ಥಾಂತರವನ್ನು ದಾಟಲಾಗದು. ಇನ್ನು, ಅದು ಸಂಸ್ಕೃತದಿಂದಲೇ ಬಂದಿದೆ ಎಂದು ನಾಳೆ ಸಿದ್ಧವಾದರೂ ನನ್ನ ಸೂಚನೆಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಮನೆ ಕಟ್ಟುವವರು ತಲೆಮಾರುಗಳ ಕಾಲ ಬಳಸಿ ಸವೆಸಿದ ಪದ ಅವರದೇ.

ಇದೇ ಕಾರಣದಿಂದ ನಾನು ಇನ್ನೆರಡು ಪದಗಳನ್ನು ಕೈಪಿಡಿಗೆ ಸೂಚಿಸುತ್ತೇನೆ. ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವರು 1960ರ ದಶಕದಲ್ಲಿ ಒಂದು ಕಟ್ಟಣೆಯನ್ನು ಪ್ರಚಾರಕ್ಕೆ ತಂದರು. ಎರಡು ಪಟ್ಟಿಗಳನ್ನು ‘ಎಲ್’ ಆಕಾರದಲ್ಲಿ ಅಂಟಿಸಿ ತಿರುಪು ಹಾಕಿದರೆ ಸಣ್ಣ ಮರದಿಂದಲೇ ಬಿಗಿಯಾದ ಉದ್ದ ಆಧಾರ ಸಿಗುತ್ತದೆ. ಅಂಥ ಎರಡು ಆಧಾರಗಳ ಮೇಲೆ ಅಡ್ಡಡ್ಡಲಾಗಿ ಪಟ್ಟಿಗಳನ್ನು ಇಟ್ಟು, ಕೆಳಗಿನಿಂದ ತಿರುಪು ಬಿಗಿಯುತ್ತಾರೆ. ಹೀಗಾಗಿ ಮೇಲೆ ಹಳಿ, ಗುಡ್ಡಗಳೆಲ್ಲ ಸಿದ್ಧವಾದ ಮೇಲೂ ಒಂದು ಅಡ್ಡಪಟ್ಟಿಯನ್ನು ಪಕ್ಕಕ್ಕೆ ಸರಿಸಬಹುದು. ಈ ವಿವರಣೆಯನ್ನು ಇಂಗ್ಲಿಷಿನಲ್ಲಿ ಓದಿದಾಗ ನನಗೆ ಕಂಡದ್ದು ನಮ್ಮ ಹಳೆಯ ಮನೆಗಳ ಮಾಳಿಗೆ. ಉದ್ದದ್ದು ‘ತೊಲೆ’, ಅದರ ಮೇಲಿನ ಅಡ್ಡದ್ದು ‘ಜಂತೆ’. ಅನುವಾದಕರು ‘ಎಲ್ ಆಕಾರದ ಉದ್ದ ಆಧಾರ’ ಎಂದೆಲ್ಲ ಬರೆಯುವ ಬದಲು ‘ಎಲ್-ತೊಲೆ’ ಮತ್ತು ‘ಜಂತೆ’ ಎಂದು ಬರೆದರೆ ಬಡಗಿಗೆ ಚಿತ್ರವನ್ನು ಬಿಡಿಸಿ ತೋರಿಸುವ ಅಗತ್ಯವೂ ಬೀಳಲಾರದು.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಬೆಂಗಳೂರಿನಿಂದ

ನಾನು ಹೇಳಿದ್ದಕ್ಕೆ ಈಗಲೂ ಬದ್ಧ. ಅಂಕಣವೆಂದರೆ ಓದುಗರು ಪತ್ರಿಕೆಯನ್ನೇ ನೆನೆಯುತ್ತಾರೆ. ಅಟ್ಟವನ್ನು ಯಾವ ಕಾರಣಕ್ಕೆ ಬಿಟ್ಟಿರೋ ಅದೇ ಕಾರಣಕ್ಕೆ ಅಂಕಣವನ್ನೂ ಬಿಡಬೇಕು.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಧಾರವಾಡದಿಂದ

ಎರಡೂ ಒಂದೇ ಅಲ್ಲ. ಅಟ್ಟವೂ ಮರದ ರಚನೆ, ಬೆಂಚ್‌ವರ್ಕೂ ಮರದ ರಚನೆ. ಒಂದರ ಜಾಗದಲ್ಲಿ ಇನ್ನೊಂದನ್ನು ತಿಳಿದುಕೊಂಡು ಕೆಲಸವೇ ಕೆಡಬಹುದು. ‘ಅಂಕಣದ ಉದ್ದ 1200 ಮಿ.ಮೀ.’ ಎಂಬ ವಾಕ್ಯವನ್ನು ಓದಿ ಪತ್ರಿಕೆಯ ಬರಹ ಎಂದು ತಿಳಿಯುವವರು ಇರಲಾರರು. ಅರ್ಥಗಳು ಬಹುದೂರ ಇದ್ದಾಗ ಸಂದರ್ಭವೇ ಕಾಯುತ್ತದೆ, ಹತ್ತಿರ ಇದ್ದಾಗಲೇ ತೊಡಕು.

‘ನಾಲ್ಗಟ್ಟು’ ಬೇಡ. ಮೂರು ಮೂಲೆಯ ಅಂಕಣಗಳನ್ನೂ ಕಟ್ಟುತ್ತಾರೆ, ಬಾಗಿದವನ್ನೂ ಕಟ್ಟುತ್ತಾರೆ. ಅಲ್ಲಿ ನಾಲ್ಕನ್ನು ಹೊಸದಾಗಿ ಎಣಿಸಿ ತೋರಿಸುವ ಪದ ತಪ್ಪಾಗುತ್ತದೆ. ‘ಚೌಕಟ್ಟಿ’ನಲ್ಲಿ ‘ಚೌ’ ಮಸುಕಾಗಿರುವುದರಿಂದಲೇ ದುಂಡನೆಯ ಕನ್ನಡಿಗೂ ಚೌಕಟ್ಟು ಎನ್ನುತ್ತೇವೆ. ಆ ಮಸುಕು ಇಲ್ಲಿ ಉಪಕಾರಿ.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಮೈಸೂರಿನಿಂದ

ಮಾನ್ಯರೇ,

ಎಲ್ಲರ ಮಾತುಗಳನ್ನೂ ಓದಿ, ಕೆಲಸ ವಹಿಸಿಕೊಂಡಿರುವ ಬಡಗಿಯವರ ಮುಂದೆ ಕರಡನ್ನು ಇಟ್ಟೆ. ‘ಅಟ್ಟ’ ಎಂದಿದ್ದ ಕಡೆ ಅವರು ಗೋಡೆಯ ಅಳತೆ ಕೇಳಿದರು. ‘ಚೌಕಟ್ಟು’ ಎಂದಿದ್ದ ಕಡೆ ಸುತ್ತಲಿನ ನಾಲ್ಕು ಪಟ್ಟಿಗಳನ್ನಷ್ಟೇ ಲೆಕ್ಕ ಹಾಕಿ, ಕಾಲುಗಳನ್ನು ಬಿಟ್ಟರು. ‘ಅಡಿಗಟ್ಟು’ ಎಂಬಲ್ಲಿ ಏನನ್ನೂ ಕೇಳದೆ ಮುಂದೆ ಓದಿದರು. ಅಂಕಣ, ತೊಲೆ, ಜಂತೆಗಳನ್ನು ಅವರಿಗೆ ವಿವರಿಸುವ ಪ್ರಸಂಗವೇ ಬರಲಿಲ್ಲ. ನಾನು ‘ಸ್ಪಿರಿಟ್ ಲೆವೆಲ್’ ಎಂದು ಬರೆದಿದ್ದಲ್ಲಿ ‘ರಸಮಟ್ಟ’ ಎಂದೂ, ತುದಿಹಲಗೆಯ ಮೂಲೆ ನೋಡುವ ಸಲಕರಣೆಗೆ ‘ಮೂಲೆಮಟ್ಟ’ ಎಂದೂ ಅವರೇ ತಿದ್ದಿಸಿದರು. ಬಿಜಾಗರಿ ಅವರ ಬಾಯಲ್ಲಿ ಬಿಜಾಗರಿಯಾಗಿಯೇ ಇದೆ, ಕೈಪಿಡಿಯಲ್ಲಿಯೂ ಹಾಗೆಯೇ ಇರುತ್ತದೆ.

ಆದ್ದರಿಂದ ಮಾಡ್ಯೂಲ್‌ಗೆ ‘ಅಂಕಣ’, ಇಡೀ ಬೆಂಚ್‌ವರ್ಕ್‌ಗೆ ‘ಅಡಿಗಟ್ಟು’, ಅದರೊಳಗಿನ ಸುತ್ತುಪಟ್ಟಿಗಳ ಭಾಗಕ್ಕೆ ಮಾತ್ರ ‘ಚೌಕಟ್ಟು’ ಎಂದು ನಿರ್ಧರಿಸಿದ್ದೇನೆ. ‘ಪೋರ್ಟಬಲ್’ ಎಂಬುದಕ್ಕೆ ‘ಸುವಾಹ್ಯ’ ಎಂದು ನಮ್ಮ ಬಳಗದವರೊಬ್ಬರು, ‘ಜಂಗಮವಾಣಿ’ಯ ಮಾದರಿಯಲ್ಲಿ ‘ಜಂಗಮ’ ಎಂದು ಇನ್ನೊಬ್ಬರು ಹೇಳಿದ್ದರು. ಮೊದಲನೆಯದನ್ನು ಓದುಗರು ಒಡೆದು ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಎರಡನೆಯದು ತಾನೇ ಚಲಿಸುವ ವಸ್ತುವನ್ನು ಸೂಚಿಸುತ್ತದೆ, ನಮ್ಮದನ್ನು ಎತ್ತಿಕೊಂಡು ಹೋಗಬೇಕು. ಅಲ್ಲಿ ಪದ ಹುಡುಕುವುದನ್ನು ಬಿಟ್ಟು ವಾಕ್ಯವನ್ನೇ ಬರೆದಿದ್ದೇನೆ. ಅಚ್ಚಿಗೆ ಹೋಗುವ ಭಾಗ ಹೀಗಿದೆ:

‘ಪ್ರತಿ ಅಂಕಣವನ್ನೂ ಇಬ್ಬರು ಸುಲಭವಾಗಿ ಎತ್ತಿ, ಬಾಗಿಲು ದಾಟಿಸಿ, ಗಾಡಿಯಲ್ಲಿ ಇಡುವಂತಿರಬೇಕು. ಅಡಿಗಟ್ಟಿನ ಪಟ್ಟಿಗಳಿಗೆ 9 ಮಿ.ಮೀ. ಪ್ಲೈವುಡ್ ಬಳಸಿ. ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ಇರುವವರು ಐ.ಎಸ್. 710 ಗುರುತಿರುವ ನೀರು ತಾಳುವ ಪ್ಲೈವುಡ್ಡನ್ನೇ ಕೇಳಿ ಪಡೆಯಿರಿ. ತುದಿಹಲಗೆಗಳು ಮೂಲೆಮಟ್ಟಕ್ಕೆ ಕೂತ ಮೇಲೆಯೇ ಅಂಟು ಹಾಕಿ. ಪಾಲಿಸ್ಟೈರೀನ್ ಹಲಗೆಯನ್ನು ಮರಗೆಲಸದ ಬಿಳಿ ಅಂಟಿನಿಂದ ಕೂರಿಸಿ. ಥಿನ್ನರ್ ವಾಸನೆಯ ಅಂಟುಗಳು ಅದನ್ನು ಕರಗಿಸಿಬಿಡುತ್ತವೆ. ಕಾಲುಗಳಿಗೆ ಬಿಜಾಗರಿ ಹಾಕಿ ಒಳಮುಖವಾಗಿ ಮಡಚುವಂತೆ ಮಾಡಿ, ಪ್ರತಿ ಕಾಲಿನ ತಳದಲ್ಲಿ 8 ಮಿ.ಮೀ. ಬೋಲ್ಟೊಂದನ್ನು ಕೂರಿಸಿ. ಸಭಾಂಗಣದ ನೆಲ ಏರುಪೇರಾಗಿದ್ದರೆ ರಸಮಟ್ಟ ಇಟ್ಟು ಆ ಬೋಲ್ಟನ್ನು ತಿರುಗಿಸಿ ಅಂಕಣವನ್ನು ಸಮಕ್ಕೆ ತನ್ನಿ. ಅಂಕಣಗಳನ್ನು ಒಂದಕ್ಕೊಂದು ಬೋಲ್ಟಿನಿಂದಲೇ ಸೇರಿಸಿ.’

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಉಡುಪಿಯಿಂದ

ಅಡಿಗಟ್ಟು ಉಳಿದದ್ದು ಸಮಾಧಾನ ತಂದಿದೆ. ಆದರೆ ‘ಬೋಲ್ಟು’ ಮೂರು ಬಾರಿ ಬಂದಿದೆ. ‘ತಿರುಪು’ ಎಂಬ ಚೊಕ್ಕ ಕನ್ನಡ ಪದ ಇರುವಾಗ ಇದನ್ನು ಅಚ್ಚಿಗೆ ಕಳುಹಿಸಬಾರದು.

*

ಮರು: ಎರಡು ಪದಗಳು ತುರ್ತಾಗಿ ಬೇಕಾಗಿವೆ
ಮೈಸೂರಿನಿಂದ

ಕ್ಷಮಿಸಬೇಕು, ಇದನ್ನು ಬದಲಿಸುವುದಿಲ್ಲ. ತಿರುಪುಮೊಳೆ ಮರದೊಳಗೆ ಕಚ್ಚಿಕೊಳ್ಳುತ್ತದೆ. ಬೋಲ್ಟು ತೂತಿನ ಆಚೆಗೆ ಹೋಗಿ ನಟ್ಟನ್ನು ಹಿಡಿಯುತ್ತದೆ. ‘ತಿರುಪು’ ಎಂದು ಬರೆದರೆ ಬಡಗಿಯವರು ಎರಡು ತುದಿಹಲಗೆಗಳನ್ನು ತಿರುಪುಮೊಳೆಯಿಂದ ಬಿಗಿಯುತ್ತಾರೆ. ಪ್ರತಿ ಪ್ರದರ್ಶನದ ಕೊನೆಗೂ ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದರೆ ತೂತು ಸಡಿಲವಾಗಿ ಹಳಿಗಳ ಜೋಡಣೆ ತಪ್ಪುತ್ತದೆ. ಆ ಎರಡು ವಸ್ತುಗಳನ್ನು ಬೇರ್ಪಡಿಸಿ ಹೇಳುವ ಪದ ಅಂಗಡಿಯಲ್ಲಿಯೂ ಕೆಲಸದ ಜಾಗದಲ್ಲಿಯೂ ಈಗ ‘ಬೋಲ್ಟು’ ಒಂದೇ. ಕರಡು ನಾಳೆ ಬೆಳಿಗ್ಗೆ ಮುದ್ರಣಾಲಯಕ್ಕೆ ಹೋಗುತ್ತದೆ. ತೊಲೆ, ಜಂತೆಗಳ ಪುಟದಲ್ಲಿ ತಿದ್ದಬೇಕಾದುದು ಯಾರಿಗಾದರೂ ಕಂಡರೆ ಇಂದು ರಾತ್ರಿಯೊಳಗೆ ತಿಳಿಸಿ.